ಕೆಂಚಿಯ ಹೊಟ್ಟೆಯ ಸಮಾಚಾರ

೪ ಜೂನ್

ಡಾಕ್ಟರಮ್ಮನವರಿಗೆ,

ಸವಾರಿ ಶಾಲೆಯಿಂದ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀರಿ. ಫೋನು ಮಾಡಬಹುದಿತ್ತು. ಆದರೆ ಈಗೀಗ ಫೋನಿನಲ್ಲಿ ನನಗೆ ಅರ್ಧ ಮಾತು ಕೇಳಿಸುವುದಿಲ್ಲ. ನೀವೂ ಆ ಕಡೆಯಿಂದ ಅರ್ಧ ಮಾತೇ ಆಡುತ್ತೀರೇನೋ ಎಂದು, ಕಾಗದವೇ ವಾಸಿ ಅನ್ನಿಸಿತು.

ವಿಷಯ ಕೆಂಚಿಯದು. ಫೆಬ್ರವರಿಯಲ್ಲಿ ಬೇಲಿಯ ತಂತಿಗೆ ಸಿಕ್ಕಿ ಅವಳ ಹಿಂದಿನ ತೊಡೆ ಸೀಳಿ ಕೀವಾಯಿತು. ನಮ್ಮ ಊರ ದನದ ಡಾಕ್ಟರು ಬಲವಾದ ಆಂಟಿಬಯೋಟಿಕ್ ಕೊಟ್ಟು ಗಾಯವನ್ನೇನೋ ಮಾಯಿಸಿದರು. ಈಗ ಅಲ್ಲಿ ಕೂದಲೂ ಬಂದಿದೆ. ಆದರೆ ಅಂದಿನಿಂದ ಹೊಟ್ಟೆ ಕೆಟ್ಟು ಕೂತಿದೆ. ಲದ್ದಿ ಉಂಡೆ ಕಟ್ಟುವುದಿಲ್ಲ, ಹಸುವಿನ ಸಗಣಿಯ ಹಾಗೆ ಬೀಳುತ್ತದೆ. ಕೆಲವು ದಿನ ಬರೀ ನೀರು. ತಿಂದದ್ದು ಮೈಗೆ ಹತ್ತುವುದಿಲ್ಲ. ಆಗಾಗ ಹೊಟ್ಟೆಶೂಲೆ ಬಂದು ನೆಲ ಕೆರೆಯುತ್ತಾಳೆ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಾಳೆ, ಅಲ್ಲಿ ಯಾರೋ ನಿಂತು ಚುಚ್ಚುತ್ತಿದ್ದಾರೆ ಎನ್ನುವ ಹಾಗೆ.

ಮೊನ್ನೆ ಡಾಕ್ಟರು, "ಮೇಷ್ಟ್ರೇ, ಇದನ್ನ ಎಷ್ಟು ದಿನ ಅಂತ ಎಳೆಯೋದು? ನೋವಿಲ್ಲದ ಹಾಗೆ ಮಲಗಿಸಿಬಿಡೋಣ" ಅಂದರು. ನನ್ನ ಮಗ ಹೂಂ ಅಂದ. ಅಂದವನು ಲಾಯದ ಹಿಂದಕ್ಕೆ ಹೋಗಿ ಬಹಳ ಹೊತ್ತು ಈಚೆ ಬರಲಿಲ್ಲ.

ಕೆಂಚಿ ಹುಟ್ಟಿದ್ದು ನಿಮ್ಮಿಬ್ಬರ ಕೈಯಲ್ಲಿ. ಇಂಥ ಮಾತಿಗೆ ನಿಮ್ಮ ಒಪ್ಪಿಗೆಯೂ ಬೇಕು ಎಂದು ನನಗೆ ತೋಚಿತು. ಅಲ್ಲದೆ ನೀವು ಈಗ ಆ ದೊಡ್ಡ ಕುದುರೆ ಆಸ್ಪತ್ರೆಯಲ್ಲಿ ಕರುಳಿನ ರೋಗಗಳನ್ನೇ ನೋಡುವವರಂತೆ. ಏನಾದರೂ ಮಾಡಲು ಆಗುತ್ತದೆಯೇ? ಆಗದಿದ್ದರೆ ಆಗದು ಎಂದೇ ಬರೆಯಿರಿ.

ಇಂತಿ,
ಸವಾರಿ ಶಾಲೆಯ ಮೇಷ್ಟ್ರು


೧೧ ಜೂನ್

ಮಾವನವರಿಗೆ ನಮಸ್ಕಾರ.

ನಿಮ್ಮ ಮಗನೂ ನಾನೂ ಬೇರೆಯಾದೆವು, ಕಾಗದಕ್ಕೆ ಸಹಿ ಹಾಕಿದೆವು, ಅದು ಆಯಿತು. ಆದರೆ ಏಳು ವರ್ಷ ನಿಮ್ಮ ಮನೆಯಲ್ಲಿ ಸೊಸೆಯಾಗಿದ್ದವಳನ್ನು ಡಾಕ್ಟರಮ್ಮನವರು, ನೀವು, ತಾವು ಎಂದೆಲ್ಲ ಬರೆದರೆ ಹೇಗೆ ಓದಲಿ? ಬಯ್ದು ಬರೆದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ದಯವಿಟ್ಟು ಮೊದಲಿನ ಹಾಗೆ ಬರೆಯಿರಿ.

ಈಗ ಕೆಂಚಿಯ ವಿಷಯ. ಕುದುರೆ ಹುಲ್ಲು ಅಗಿಯಬಲ್ಲದು, ಆದರೆ ಅದರ ನಾರನ್ನು ತಾನಾಗಿ ಅರಗಿಸಲಾರದು. ಅವಳ ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ನಾರನ್ನು ಕೊಳೆಸಿ, ಕರಗಿಸಿ, ಅದರೊಳಗಿನ ಬಲವನ್ನು ತೆಗೆದು ಕೊಡುವುದು ಅವುಗಳ ಕೆಲಸ. ಗಾಯಕ್ಕೆ ಕೊಟ್ಟ ಔಷಧ ಕೀವಿನ ಕ್ರಿಮಿಗಳ ಜೊತೆಗೆ ಇವನ್ನೂ ಗುಡಿಸಿ ಹಾಕಿರಬೇಕು. ಡಾಕ್ಟರ ತಪ್ಪಲ್ಲ. ಆ ಗಾಯಕ್ಕೆ ಆ ಔಷಧ ಬೇಕೇ ಇತ್ತು. ಕೆಲವು ಕುದುರೆಗಳಲ್ಲಿ ಹೋದವು ತಾವಾಗಿಯೇ ಮರಳಿ ಬರುತ್ತವೆ. ಕೆಂಚಿಯಲ್ಲಿ ಬಂದಿಲ್ಲ.

ನನಗೆ ಅವಳ ಲದ್ದಿ ಬೇಕು. ಬೆಳಗ್ಗೆ ಹಾಕಿದ ತಕ್ಷಣ, ಇನ್ನೂ ಬಿಸಿಯಾಗಿರುವಾಗ, ನೆಲ ಮುಟ್ಟದ ಒಳಭಾಗದ್ದು. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಟ್ಟು, ಸುತ್ತ ಐಸು ತುಂಬಿ, ಅದೇ ದಿನ ಪಾರ್ಸೆಲ್ ಮಾಡಿ. ನಾನು ಹೇಳುವವರೆಗೆ ಧಾನ್ಯ ಬೇಡ. ಒಳ್ಳೆಯ ಒಣಹುಲ್ಲು, ನೀರು, ಅಷ್ಟೇ.

ಮಲಗಿಸುವ ಮಾತನ್ನು ಸದ್ಯಕ್ಕೆ ತಡೆಯಿರಿ. ಆಗದಿದ್ದರೆ ಆಗದು ಎಂದು ಖಂಡಿತ ಬರೆಯುತ್ತೇನೆ. ನಿಮಗೆ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ.

ಅತ್ತೆಯ ಮಂಡಿ ಹೇಗಿದೆ?

ಇಂತಿ,
ನಿಮ್ಮ ಸೊಸೆಯಾಗಿದ್ದವಳು


೨೦ ಜೂನ್

ಅಮ್ಮಾ,

ಸರಿ, ಮೊದಲಿನ ಹಾಗೆಯೇ ಬರೆಯುತ್ತೇನೆ. ಮೊದಲು ನಿನಗೆ ನಾನು ಕಾಗದ ಬರೆದದ್ದೇ ಇಲ್ಲ. ಒಂದೇ ಮನೆಯಲ್ಲಿದ್ದವರು ಏನು ಬರೆಯುವುದು! ಆದರೂ ನೀನು ಹೇಳಿದ್ದು ಅರ್ಥವಾಯಿತು.

ಪಾರ್ಸೆಲ್ ಕಳಿಸಿದ್ದೇನೆ. ಬಿಗಿ ಮುಚ್ಚಳದ ಡಬ್ಬಿ ಮನೆಯಲ್ಲಿ ಇದ್ದದ್ದು ಒಂದೇ, ಅದೂ ನಿಮ್ಮತ್ತೆಯ ಮೆಚ್ಚಿನದು. ಕೇಳಿದ್ದಕ್ಕೆ ಕೊಟ್ಟಳು. ಕೊಟ್ಟು, "ಅದು ಇನ್ನು ಈ ಅಡುಗೆಮನೆ ಹೊಸ್ತಿಲು ದಾಟಿ ಒಳಗೆ ಬರಕೂಡದು" ಅಂದಳು. ಮಂಡಿ ಹಾಗೆಯೇ ಇದೆ, ನಾಲಿಗೆ ಚೆನ್ನಾಗಿದೆ.

ಪಾರ್ಸೆಲ್ ಆಫೀಸಿನ ಗುಮಾಸ್ತ ಕೇಳಿದ, "ಒಳಗೇನಿದೆ?"

"ಲದ್ದಿ."

"ಏನು?"

"ಕುದುರೆ ಲದ್ದಿ."

"ಯಾಕೆ, ಆ ಊರಲ್ಲಿ ಕುದುರೆಗಳಿಲ್ವಾ?"

"ಇವೆ. ಆದ್ರೆ ಅವರಿಗೆ ನಮ್ಮದೇ ಆಗಬೇಕಂತೆ."

ಅವನು ನನ್ನ ಮುಖ ನೋಡಿದ, ಡಬ್ಬಿ ನೋಡಿದ, ಮೇಲೆ 'ಬೇಗ ಕೆಡುವ ವಸ್ತು' ಎಂಬ ಚೀಟಿ ಅಂಟಿಸಿದ. ಕೆಟ್ಟಿರುವುದನ್ನೇ ಕಳಿಸುತ್ತಿದ್ದೇನಪ್ಪ ಎಂದು ನಾನು ಹೇಳಹೋಗಲಿಲ್ಲ.

ನನಗೆ ಸೊಂಟ ಬಗ್ಗುವುದಿಲ್ಲವಲ್ಲ, ಲದ್ದಿ ಹಿಡಿದದ್ದು ನನ್ನ ಮಗ. ಯಾರಿಗೆ ಕಳಿಸುವುದು ಎಂದು ಅವನು ಕೇಳಲಿಲ್ಲ. ವಿಳಾಸ ಓದಿದ. ಆಮೇಲೆ ಒಳಗೆ ಹೋಗಿ ಇನ್ನೊಂದಿಷ್ಟು ಐಸು ತಂದು ತುಂಬಿದ.

ಇಂತಿ,
ಮಾವ


೬ ಜುಲೈ

ಮಾವನವರಿಗೆ,

ಡಬ್ಬಿ ತಣ್ಣಗೆ ತಲುಪಿತು. ಐಸು ಪೂರ್ತಿ ಕರಗಿರಲಿಲ್ಲ.

ಪರೀಕ್ಷೆ ಮಾಡಿ ನೋಡಿದೆ. ನಾನು ಹೆದರಿದ್ದು ನಿಜ. ನಾರು ಕರಗಿಸುವ ಜೀವಿಗಳು ಅವಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜನ ಬಿಟ್ಟು ಹೋದ ಬೀದಿಯಂತಿದೆ ಅವಳ ಕರುಳು, ಖಾಲಿ ಮನೆಗಳಲ್ಲಿ ಯಾರುಯಾರೋ ಬಂದು ಸೇರಿಕೊಂಡಿದ್ದಾರೆ.

ಒಂದು ದಾರಿ ಇದೆ. ಕೇಳಿ ನಗಬೇಡಿ. ಆರೋಗ್ಯವಾಗಿರುವ ಕುದುರೆಯ ತಾಜಾ ಲದ್ದಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಸೋಸಿ, ಆ ನೀರನ್ನು ಮೂಗಿನ ಕೊಳವೆಯಿಂದ ಅವಳ ಹೊಟ್ಟೆಗೆ ಬಿಡುವುದು. ಒಬ್ಬರ ಹೊಟ್ಟೆಯ ಒಕ್ಕಲನ್ನು ಇನ್ನೊಬ್ಬರ ಹೊಟ್ಟೆಗೆ ಕಳಿಸುವುದು ಎನ್ನಿ. ನಿಮ್ಮ ಡಾಕ್ಟರಿಗೆ ಕೊಳವೆ ಹಾಕುವುದು ಗೊತ್ತೇ ಇರುತ್ತದೆ, ಬೇರೆ ಯಾರೂ ಹಾಕಬಾರದು. ಎಷ್ಟು, ಹೇಗೆ ಎಂಬುದನ್ನು ಅವರಿಗೇ ಬೇರೆ ಕಾಗದದಲ್ಲಿ ಬರೆದಿದ್ದೇನೆ.

ಎಲ್ಲ ಕುದುರೆಗಳಿಗೂ ಇದು ಹಿಡಿಯುವುದಿಲ್ಲ. ನಾವು ಮಾಡಿದವುಗಳಲ್ಲಿ ಕೆಲವು ಚೇತರಿಸಿಕೊಂಡವು, ಕೆಲವಕ್ಕೆ ಏನೂ ಆಗಲಿಲ್ಲ. ಆಸೆಯನ್ನು ಅಷ್ಟಕ್ಕೇ ಇಟ್ಟುಕೊಳ್ಳಿ.

ಲದ್ದಿ ಕೊಡುವ ಕುದುರೆ ಗಟ್ಟಿಯಾಗಿರಬೇಕು, ಈಚೆಗೆ ಔಷಧ ತಿಂದಿರಬಾರದು. ನನಗೆ ನೆನಪಾಗುವುದು ಒಬ್ಬನೇ, ಆ ಗಿಡ್ಡ ಕುದುರೆ, ಪುಂಡ. ನಾನಿದ್ದಷ್ಟು ವರ್ಷ ಅವನಿಗೆ ಒಂದು ಸೀನೂ ಬಂದದ್ದಿಲ್ಲ. ಅವನ ಲದ್ದಿಯನ್ನೂ ಕಳಿಸಿ, ಹುಳ, ರೋಗ ಏನೂ ಇಲ್ಲವೆಂದು ನೋಡಿ ಹೇಳುತ್ತೇನೆ. ಇನ್ನೂ ಕಚ್ಚುತ್ತಾನೆಯೇ?

ಇಂತಿ,
ಸೊಸೆ


೨೯ ಜುಲೈ

ಮಗೂ,

ಕಚ್ಚುತ್ತಾನೆ. ಈ ಸಲ ಡಾಕ್ಟರನ್ನು ಕಚ್ಚಿದ.

ಪುಂಡನಲ್ಲಿ ದೋಷವಿಲ್ಲ ಎಂಬ ನಿನ್ನ ಚೀಟಿ ಬಂದ ಮೇಲೆ ಕೆಲಸಕ್ಕೆ ಇಳಿದೆವು. ಡಾಕ್ಟರು ನಿನ್ನ ಕಾಗದವನ್ನು ಎರಡೆರಡು ಸಲ ಓದಿದರು. "ಮೇಷ್ಟ್ರೇ, ನಾನು ಓದೋ ಕಾಲಕ್ಕೆ ಲದ್ದಿ ಹೊರಗೆ ಬರೋದು ಮಾತ್ರ ಗೊತ್ತಿತ್ತು. ಒಳಗೆ ಹಾಕೋದು ಯಾರೂ ಹೇಳಿಕೊಟ್ಟಿರಲಿಲ್ಲ" ಅಂದರು. ಆದರೆ ಮಾಡಿದರು, ಬಹಳ ನಾಜೂಕಾಗಿ ಮಾಡಿದರು. ಆ ಮನುಷ್ಯನ ಕೈ ಒಳ್ಳೆಯದು.

ನಾನು ಬಕೆಟ್ಟಿನಲ್ಲಿ ಕದಡುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ನಿಮ್ಮತ್ತೆ, "ಸೋಸೋಕೆ ಅಂತ ನನ್ನ ಜರಡಿ ಮುಟ್ಟಿದ್ರೆ ನೋಡಿ!" ಎಂದು ಕೂಗಿದಳು. ಕೊನೆಗೆ ನನ್ನದೇ ಹಳೆಯ ಅಂಗಿ ಬಲಿಯಾಯಿತು. ನನ್ನ ಮಗ ಕೆಂಚಿಯ ತಲೆ ಹಿಡಿದು ನಿಂತಿದ್ದ, ಕೊಳವೆ ಇಳಿಯುವಾಗ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಪುಂಡ ಪಕ್ಕದ ಅಂಕಣದಲ್ಲಿ ನಿಂತು, ತನ್ನ ಸೊತ್ತು ಹೀಗೆ ಹಂಚಿಹೋಗುವುದನ್ನು ನೋಡುತ್ತಿದ್ದ. ಡಾಕ್ಟರು ಕೊಳವೆ ಸುತ್ತಿಕೊಂಡು ಅವನ ಮುಂದೆ ಹಾದರು, ತೋಳಿಗೆ ಬಾಯಿ ಹಾಕಿದ.

ಮೂರು ಬೆಳಗ್ಗೆ ಹೀಗೆ ಮಾಡಿದೆವು. ಮೊದಲ ವಾರ ಏನೂ ಕಾಣಲಿಲ್ಲ. ನಿನಗೆ ಬರೆಯಲು ಕೈ ಏಳಲಿಲ್ಲ. ಆಮೇಲೆ ನೀರು ನಿಂತಿತು. ಇವತ್ತು ಬೆಳಗ್ಗೆ ಲದ್ದಿ ಉಂಡೆ ಉಂಡೆಯಾಗಿ, ಹೊಗೆಯಾಡುತ್ತಾ ಬಿತ್ತು. ಓಡಿಹೋಗಿ ನಿಮ್ಮತ್ತೆಯನ್ನು ಕರೆತಂದೆ. "ಇದನ್ನ ನೋಡೋಕೆ ಒಲೆ ಮೇಲಿನದ್ದು ಬಿಟ್ಟು ಬಂದ್ನಾ?" ಅಂದಳು. ಅಂದರೂ, ನಿಂತು ನೋಡಿದಳು.

ಇಂತಿ,
ಮಾವ


೨ ಸೆಪ್ಟೆಂಬರ್

ಮಗೂ,

ಮತ್ತೆ ಶುರುವಾಗಿದೆ. ಒಂದು ವಾರದಿಂದ ಲದ್ದಿ ಸಡಿಲ, ಹುಳಿ ವಾಸನೆ. ನಿನ್ನೆ ಮಧ್ಯಾಹ್ನದ ಮೇಲೆ ಹೊಟ್ಟೆ ನೋವಿಗೆ ಬೆವರಿದಳು. ಏರಿದ್ದ ಮೈ ಇಳಿಯುತ್ತಿದೆ. ನೀನು ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸಿಲ್ಲ. ಲದ್ದಿ ಕಳಿಸಿದ್ದೇನೆ. ಈ ಸಲ ಗುಮಾಸ್ತ ಏನೂ ಕೇಳಲಿಲ್ಲ, ಚೀಟಿ ಅಂಟಿಸಿ, "ಹೇಗಿದೆ ಕುದುರೆ?" ಅಂದ. ರಶೀದಿ ತೆಗೆದುಕೊಂಡು ಬಂದೆ.

ಇಂತಿ,
ಮಾವ


೧೦ ಸೆಪ್ಟೆಂಬರ್

ಮಾವನವರಿಗೆ,

ಧೈರ್ಯ ಬಿಡಬೇಡಿ. ಇದು ಮೊದಲಿನ ಕಾಯಿಲೆಯಲ್ಲ.

ಪುಂಡನಿಂದ ಬಂದ ಜೀವಿಗಳು ಕೆಂಚಿಯಲ್ಲಿ ನೆಲೆಯೂರಿದ್ದವು, ಅದಕ್ಕೇ ಜುಲೈಯಲ್ಲಿ ಚೇತರಿಸಿಕೊಂಡದ್ದು. ಈಗ ಅವು ಸೊರಗುತ್ತಿವೆ. ಪಿಷ್ಟ ತಿಂದು ಹುಳಿ ಉಕ್ಕಿಸುವ ಬೇರೆ ಜೀವಿಗಳು ಮಿತಿಮೀರಿ ಬೆಳೆದಿವೆ. ಬರೀ ಹುಲ್ಲು ತಿನ್ನುವ ಕುದುರೆಯಲ್ಲಿ ಹೀಗಾಗುವುದಿಲ್ಲ. ಯಾರೋ ಅವಳಿಗೆ ಏನನ್ನೋ ಕೊಡುತ್ತಿದ್ದಾರೆ. ಧಾನ್ಯ, ಬಿಸ್ಕತ್ತು, ಬ್ರೆಡ್ಡು, ಅಂಥದ್ದು, ಅದೂ ದಿನಾ. ಸವಾರಿ ಕಲಿಯಲು ಬರುವ ಮಕ್ಕಳೇ? ಪ್ರೀತಿಯಿಂದಲೇ ಕೊಡುತ್ತಿರಬಹುದು. ಆದರೆ ಅದು ಅವಳ ಕರುಳಿಗೆ ಬೆಂಕಿ. ಹೀಗೇ ಮುಂದುವರಿದರೆ ಅವಳು ಉಳಿಯುವುದಿಲ್ಲ. ವಿಚಾರಿಸಿ ನೋಡಿ.

ಇಂತಿ,
ಸೊಸೆ


೧೫ ಸೆಪ್ಟೆಂಬರ್

ಮಗೂ,

ವಿಚಾರಿಸಿದೆ. ಮಕ್ಕಳು ಕೊಟ್ಟಿಲ್ಲ. ನನ್ನ ಮಗ ಕೊಟ್ಟಿಲ್ಲ. ಧಾನ್ಯದ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿದೆ. ನನ್ನ ಲಾಯದಲ್ಲಿ ನನಗೆ ತಿಳಿಯದೆ ಒಂದು ನೊಣ ಹಾರುವುದಿಲ್ಲ. ಲದ್ದಿ ನೋಡುವ ನಿನ್ನ ಯಂತ್ರವನ್ನೇ ಒಮ್ಮೆ ಪರೀಕ್ಷೆ ಮಾಡಿಸು. ಕೋಪದಲ್ಲಿ ಬರೆಯುತ್ತಿಲ್ಲ.

ಕೋಪದಲ್ಲೇ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡ.

ಇಂತಿ,
ಮಾವ


೧೬ ಸೆಪ್ಟೆಂಬರ್

ನನ್ನ ಹುಡುಗಿಗೆ,

ನಿಮ್ಮ ಮಾವ ನಿನ್ನ ಕಾಗದವನ್ನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದರು. ನಾನು ಬಡಿಸುವ ನೆಪದಲ್ಲಿ ಒಳಗೆ ಎದ್ದು ಹೋದೆ. ಬ್ರೆಡ್ಡು ಕೊಡುತ್ತಿರುವವಳು ನಾನು.

ನೀನು ಹೋದ ಮೇಲೆ ಕೆಂಚಿ ಮಧ್ಯಾಹ್ನ, ನೀನು ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಅಡುಗೆಮನೆಯ ಕಿಟಕಿಗೆ ಎದುರೇ. ಎಷ್ಟು ದಿನ ಅಂತ ನೋಡಿಕೊಂಡಿರಲಿ? ಒಂದು ದಿನ ಹೋಗಿ ಪಕ್ಕದಲ್ಲಿ ನಿಂತೆ. ನನಗೆ ಕುದುರೆ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ ಅನ್ನುವುದು ನಿನಗೆ ಗೊತ್ತು. ಆದರೂ ನಿಂತೆ. ಮಾರನೆಯ ದಿನ ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಉಳಿದ ಬ್ರೆಡ್ಡಿನ ಒಂದು ಚೂರು ತೆಗೆದುಕೊಂಡು ಹೋದೆ. ಅಂಗೈಯಿಂದ ಎಷ್ಟು ಮೆತ್ತಗೆ ಎತ್ತಿಕೊಂಡಳು ಗೊತ್ತಾ! ಅಲ್ಲಿಂದ ರೂಢಿಯಾಯಿತು. ಪಕ್ಕೆಲುಬು ಕಾಣಿಸತೊಡಗಿದಾಗ ಒಂದು ಚೂರು ಎರಡಾಯಿತು. ಈ ಮಳೆಗಾಲದಲ್ಲಿ ಚೇತರಿಸಿಕೊಂಡಾಗ, ಇನ್ನು ಅರಗಿಸಿಕೊಳ್ಳುತ್ತಾಳೆ, ಬೇಗ ಮೈ ತುಂಬಲಿ ಎಂದು ಹೆಚ್ಚು ಮಾಡಿದೆ. ಈಗ ದಿನಕ್ಕೊಂದು ಇಡೀ ಬ್ರೆಡ್ಡು. ಅದಕ್ಕೆಂದೇ ತರಿಸುತ್ತಿದ್ದೇನೆ.

ಅವಳನ್ನ ನಾನೇ ಕೊಲ್ಲುತ್ತಿದ್ದೀನಾ? ಮುಚ್ಚುಮರೆಯಿಲ್ಲದೆ ಹೇಳು.

ಅವರಿಗೆ ತಿಳಿಸಬೇಡ. ಅವರು ಬಯ್ಯುವುದಿಲ್ಲ, ಅದೇ ಕಷ್ಟ.

ನಿನ್ನ ಅತ್ತೆ


೨೨ ಸೆಪ್ಟೆಂಬರ್

ಅತ್ತೆ,

ಇಲ್ಲ. ಕೊಲ್ಲುತ್ತಿಲ್ಲ. ಹೊಟ್ಟೆಗೆ ಕೊಟ್ಟರೆ ಮೈ ಹಿಡಿಯುತ್ತದೆ ಎನ್ನುವುದು ಮನುಷ್ಯರ ವಿಷಯದಲ್ಲಿ ನಿಜ. ನನ್ನ ವಿಷಯದಲ್ಲಂತೂ ನಿಜ, ನಿಮ್ಮ ಮನೆಯಲ್ಲಿ ನಾನು ಎಷ್ಟು ದಪ್ಪಗಾಗಿದ್ದೆ! ಕುದುರೆಯ ಹೊಟ್ಟೆಯ ಲೆಕ್ಕ ಬೇರೆ. ಅದನ್ನು ನಿಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಈಗ ನಿಲ್ಲಿಸಿದರೆ ಕಾಲ ಮೀರಿಲ್ಲ.

ಬ್ರೆಡ್ಡನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಈ ವಾರದೊಳಗೆ ಪೂರ್ತಿ ಬಿಡಿಸಿ. ಆದರೆ ನೀವು ಹೋಗುವುದನ್ನು ಬಿಡಬೇಡಿ. ಹೋಗಲೇಬೇಕು. ಲಾಯದ ಮೊಳೆಗೆ ಒಂದು ಬ್ರಷ್ ತೂಗುಹಾಕಿರುತ್ತದೆ. ಅದನ್ನು ಹಿಡಿದು ಹೋಗಿ. ಜೂಲಿನ ಬುಡದಲ್ಲಿ, ಕತ್ತಿನಿಂದ ಕೆಳಕ್ಕೆ, ಸ್ವಲ್ಪ ಒತ್ತಿ ಎಳೆಯಿರಿ. ಕೆಳತುಟಿ ಜೋತುಬಿಟ್ಟು ಕಣ್ಣು ಮುಚ್ಚುತ್ತಾಳೆ. ಅದು ಅವಳಿಗೆ ಯಾವ ಬ್ರೆಡ್ಡಿಗಿಂತಲೂ ಇಷ್ಟ.

ಮಾವನಿಗೆ ಹೇಳುವುದಿಲ್ಲ.

ನಾನು ಪೆಟ್ಟಿಗೆ ಹಿಡಿದು ಗೇಟು ದಾಟಿದ ದಿನ ನೀವು ಅದೇ ಕಿಟಕಿಯಲ್ಲಿ ನಿಂತಿದ್ದಿರಿ. ನನಗೆ ಗೊತ್ತಿತ್ತು. ತಿರುಗಿ ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ.

ನಿಮ್ಮ ಹುಡುಗಿ


೩೦ ಅಕ್ಟೋಬರ್

ಮಗೂ,

ಪುಂಡನ ಲದ್ದಿನೀರು ಇನ್ನೊಂದು ಸುತ್ತು ಆಯಿತು. ಕೆಂಚಿ ಚೆನ್ನಾಗಿದ್ದಾಳೆ. ಪಕ್ಕೆ ಮುಚ್ಚುತ್ತಿದೆ, ಕೂದಲಿಗೆ ಹೊಳಪು ಬರುತ್ತಿದೆ. ಯಾರ ಸವಾರಿಗೂ ಬಿಡುತ್ತಿಲ್ಲ, ನಡೆಸಿಕೊಂಡು ಬರುತ್ತೇವೆ, ಅಷ್ಟೇ.

'ಕಾರಣ ಸಿಕ್ಕಿತು, ಸರಿಹೋಗುತ್ತದೆ, ಹೆಚ್ಚು ಕೇಳಬೇಡಿ' ಎಂದು ಬರೆದಿದ್ದೀಯೆ. ಕೇಳುವುದಿಲ್ಲ. ನಿಮ್ಮತ್ತೆ ಈಚೆಗೆ ಮಧ್ಯಾಹ್ನ ಬ್ರಷ್ ಹಿಡಿದುಕೊಂಡು ಲಾಯದ ಕಡೆ ಹೋಗುತ್ತಾಳೆ. ಮದುವೆಯಾದಾಗಿನಿಂದ ಕುದುರೆಯನ್ನು ದೂರದಿಂದಲೇ ಮಾತಾಡಿಸಿದವಳು. ಮೊನ್ನೆ ಬೇಕರಿಯವನು ದಾರಿಯಲ್ಲಿ ಸಿಕ್ಕಿ, "ಏನ್ ಮೇಷ್ಟ್ರೇ, ಮನೇಲಿ ಬ್ರೆಡ್ ತಿನ್ನೋದು ಬಿಟ್ರಾ?" ಅಂದ. "ಡಾಕ್ಟರು ಬೇಡ ಅಂದಿದಾರೆ" ಅಂದೆ. ಯಾವ ಡಾಕ್ಟರು, ಯಾರಿಗೆ ಎಂದು ಹೇಳಲಿಲ್ಲ. ನಾನು ಕ್ಷಮೆ ಕೇಳಿದೆನೆಂದು ನಿನ್ನ ಯಂತ್ರಕ್ಕೆ ತಿಳಿಸು.

ಇನ್ನೊಂದು ವಿಷಯ ಬರೆಯಬೇಕಿತ್ತು. ಇವತ್ತು ಬೇಡ.

ಇಂತಿ,
ಮಾವ


೩ ಡಿಸೆಂಬರ್

ಮಾವನವರಿಗೆ,

ಮೊನ್ನೆ ಮಧ್ಯಾಹ್ನ ನೀವು ಲಾಯದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಿರಂತೆ. ನಿಮಗೆ ಕೇಳಿಸದೆ ಹೋದದ್ದನ್ನು ಬರೆಯುತ್ತೇನೆ.

ಪ್ರಯೋಗಶಾಲೆಯಲ್ಲಿದ್ದಾಗ ಫೋನು ಬಂತು. "ನಾನು" ಅಂದರು ನಿಮ್ಮ ಮಗ. ಬೇರೆಯಾದ ಮೇಲೆ ಮೊದಲ ಸಲ.

"ಗೊತ್ತಾಯ್ತು. ಕೆಂಚಿನಾ?"

"ಬಿದ್ದು ಹೊರಳಾಡ್ತಿದ್ಲು. ಡಾಕ್ಟರು ನೋವಿಗೆ ಇಂಜೆಕ್ಷನ್ ಕೊಟ್ಟು ಎಬ್ಬಿಸಿದಾರೆ. ಸಂಜೆಯೊಳಗೆ ನೋವು ಬಗ್ಗದಿದ್ರೆ ಮುಗಿಸಿಬಿಡೋಣ ಅಂತಿದಾರೆ. ಅಪ್ಪ ಬಾಯೇ ಬಿಡ್ತಿಲ್ಲ."

"ಒಸಡು ನೋಡು. ಯಾವ ಬಣ್ಣ?"

"ತಿಳಿ ಗುಲಾಬಿ."

ಅಂದರೆ ರಕ್ತ ಇನ್ನೂ ಚೆನ್ನಾಗಿ ಹರಿಯುತ್ತಿದೆ. "ನಿನ್ನೆ ನೀರು ಕುಡಿದಿದ್ಲಾ?"

"ಚಳಿ ಒಮ್ಮೆಗೇ ಜಾಸ್ತಿಯಾಯ್ತು. ತೊಟ್ಟಿ ನೀರು ಕೈಯಿಟ್ಟರೆ ಕೊರೆಯೋ ಹಾಗಿತ್ತು. ಮುಟ್ಟಿರಲಿಲ್ಲ."

ಹಾಗಾದರೆ ಒಣಹುಲ್ಲು ಕರುಳಿನಲ್ಲಿ ಕಟ್ಟಿಕೊಂಡಿದೆ. ಡಾಕ್ಟರ ಕೈಗೆ ಫೋನು ಕೊಡಲು ಹೇಳಿದೆ. ಅವರೂ ಅದನ್ನೇ ಊಹಿಸಿ ಕೊಳವೆಯಿಂದ ಬೆಚ್ಚಗಿನ ನೀರು ಬಿಡಲು ಸಿದ್ಧ ಮಾಡಿಕೊಂಡಿದ್ದರು. ನೀರು ಬಿಟ್ಟರು. ಇನ್ನು ಮಾಡುವುದೇನೂ ಇರಲಿಲ್ಲ, ಕಾಯುವುದೊಂದೇ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು.

ಫೋನು ಮತ್ತೆ ನಿಮ್ಮ ಮಗನ ಕೈಗೆ ಬಂತು. "ಅವಳ ಪಕ್ಕೆಗೆ ಕಿವಿ ಹಚ್ಚು" ಅಂದೆ. "ಸೊಂಟದ ಮೂಳೆಯಿಂದ ಒಂದು ಗೇಣು ಕೆಳಗೆ. ಏನು ಕೇಳಿಸ್ತಿದೆ?"

"ಏನೂ ಇಲ್ಲ."

"ಸುಮ್ಮನೆ ಹಚ್ಚಿಕೊಂಡಿರು. ಕರುಳು ಸತ್ತಿಲ್ಲ ಅಂದ್ರೆ ಮಾತಾಡುತ್ತೆ."

ಅವರು ಒಂದು ಕಿವಿ ಕೆಂಚಿಗೆ, ಇನ್ನೊಂದು ಕಿವಿ ಫೋನಿಗೆ ಕೊಟ್ಟು ನಿಂತರು. ನಾನು ಮೇಜಿನ ಮುಂದೆ ಕೂತಿದ್ದೆ. ಒಂದೇ ಮನೆಯಲ್ಲಿದ್ದಾಗ ನಾವಿಬ್ಬರೂ ಇಷ್ಟು ಹೊತ್ತು ಒಬ್ಬರಿಗೊಬ್ಬರು ಕಿವಿಗೊಟ್ಟದ್ದಿಲ್ಲ ಮಾವ. ನನಗೆ ಇಲ್ಲಿ ಕೆಲಸ ಸಿಕ್ಕಾಗ ಅವರು ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಜೊತೆಗೆ ಬಾ ಎಂದು ನಾನೂ ಕೇಳಲಿಲ್ಲ. ಜಗಳವಾಡಿದ್ದರೆ ನೀವು ಬಿಡಿಸುತ್ತಿದ್ದಿರಿ.

ಬಹಳ ಹೊತ್ತಿನ ಮೇಲೆ, "ನಾನು ಮದುವೆ ಆಗ್ತಿದೀನಿ. ಫೆಬ್ರವರಿಯಲ್ಲಿ" ಅಂದರು.

"ಕಿವಿ ತೆಗೀಬೇಡ" ಅಂದೆ. ಆಮೇಲೆ, "ಒಳ್ಳೇದಾಯ್ತು" ಅಂದೆ. ಹೇಳಿದ ಮೇಲೆ ಅದು ನಿಜವೆಂದು ನನಗೇ ತಿಳಿಯಿತು.

"ನಿಂಗೆ ಬೇಜಾರಾ?"

"ಸ್ವಲ್ಪ. ಇರಬೇಕಾದಷ್ಟು."

ಅವರು ಏನೋ ಹೇಳಹೊರಟು ನಿಲ್ಲಿಸಿದರು. "ಏಯ್, ತಾಳು. ಕೇಳಿಸ್ತು. ದೂರದಲ್ಲಿ ಗುಡುಗಿದ ಹಾಗೆ. ಇನ್ನೊಂದು. ಈಗ ಹತ್ತಿರ..." ಆಮೇಲೆ ಅವರ ದನಿ ಒಡೆಯಿತು, ಮಾತು ತಿಳಿಯಲಿಲ್ಲ. ನನ್ನ ಪಕ್ಕದ ಮೇಜಿನವಳು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟಳು.

ನೀವು ಅಕ್ಟೋಬರಿನಲ್ಲಿ ಬರೆಯದೆ ಬಿಟ್ಟ ವಿಷಯ ಇದೇ ತಾನೆ? ಇನ್ನು ಸಂಕೋಚ ಬೇಡ.

ಚಳಿ ಇಳಿಯುವವರೆಗೆ ಅವಳಿಗೆ ಕುಡಿಯಲು ಬೆಚ್ಚಗಿನ ನೀರನ್ನೇ ಇಡಿ.

ಇಂತಿ,
ಸೊಸೆ


೯ ಡಿಸೆಂಬರ್

ಮಗೂ,

ನಿನ್ನ ಕಾಗದವನ್ನು ಲಾಯದಲ್ಲಿ ಕೂತು ಓದಿದೆ. ಈ ಸಲ ಊಟದ ಹೊತ್ತಿಗೆ ಗಟ್ಟಿಯಾಗಿ ಓದಲಿಲ್ಲ. ನಿಮ್ಮತ್ತೆಯ ಕೈಗೇ ಕೊಟ್ಟೆ.

ಅವತ್ತು ಫೋನು ಇಟ್ಟ ಮೇಲೆ, ದೀಪ ಹಚ್ಚುವ ಹೊತ್ತಿಗೆ ಕೆಂಚಿ ಬಾಲ ಎತ್ತಿದಳು. ನಾಲ್ಕೈದು ಗಟ್ಟಿ ಉಂಡೆ, ಆಮೇಲೆ ಧಾರಾಳವಾಗಿ. ಡಾಕ್ಟರು ಟೋಪಿ ತೆಗೆದು ನಿಂತರು. ನನ್ನ ಮಗ ಗೋಡೆಗೆ ಒರಗಿ ಕುಸಿದು ಕೂತ. ಅವನ ಕೆನ್ನೆಯ ಒಂದು ಪಕ್ಕಕ್ಕೆ ಕೆಂಪು ಕೂದಲು ಅಂಟಿಕೊಂಡಿತ್ತು.

ಹೌದು, ಅದೇ ವಿಷಯ. ಆ ಹುಡುಗಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಒಳ್ಳೆಯವಳು. ಕುದುರೆ ಕಂಡರೆ ಹೆದರುತ್ತಾಳೆ. ನಿನಗೆ ಹೇಗೆ ಬರೆಯುವುದು ಎಂದು ತಿಂಗಳುಗಟ್ಟಲೆ ಹೆಣಗಿದೆ. ಅವನು ಕುದುರೆಯ ಹೊಟ್ಟೆಗೆ ಕಿವಿ ಹಚ್ಚಿಕೊಂಡು ಹೇಳಿ ಮುಗಿಸಿದ.

ಮದುವೆಗೆ ಬಾ ಎಂದು ಕರೆಯುವಷ್ಟು ಮೊಂಡ ನಾನಲ್ಲ. ಕೆಂಚಿಯನ್ನು ನೋಡಲು ಬಾ. ಅಷ್ಟು ದೂರದಿಂದ ಅವಳ ಲದ್ದಿಯನ್ನಷ್ಟೇ ನೋಡಿದ್ದೀಯೆ.

ಇಂತಿ,
ಮಾವ


೫ ಜನವರಿ

ಮಾವನವರಿಗೆ,

ಬರುತ್ತೇನೆ. ಈ ತಿಂಗಳ ಕೊನೆಯ ಭಾನುವಾರ, ಬೆಳಗಿನ ಬಸ್ಸಿಗೆ. ಸಂಜೆ ಹಿಂತಿರುಗಬೇಕು.

ಒಂದು ಮಾತು. ನಾನು ಬರುತ್ತೇನೆಂದು ಯಾರನ್ನೂ ಮನೆಯಿಂದ ಆಚೆ ಕಳಿಸಬೇಡಿ. ಆ ದಿನ ಯಾರು ಬರುವವರಿದ್ದರೂ ಬರಲಿ. ಅತ್ತೆಗೆ ಹೆಚ್ಚು ಅಡುಗೆ ಮಾಡಬೇಡಿ ಎನ್ನಿ. ಕೇಳುವುದಿಲ್ಲವೆಂದು ಗೊತ್ತು, ಆದರೂ ಹೇಳಿದೆ ಎನ್ನಿ.

ಇಂತಿ,
ಸೊಸೆ


೩೧ ಜನವರಿ

ಮಗೂ,

ನೀನು ಸುಖವಾಗಿ ತಲುಪಿದೆ ಎಂದು ತಿಳಿದು ಸಮಾಧಾನವಾಯಿತು.

ಕೆಂಚಿ ಗುರುತು ಹಿಡಿಯಲಿಲ್ಲ ಎಂದು ನೀನು ಮುಖ ಚಿಕ್ಕದು ಮಾಡಿಕೊಂಡೆ. ನೇರವಾಗಿ ನಿಮ್ಮತ್ತೆಯ ಹತ್ತಿರ ಹೋಗಿ ಅವಳ ಹೆಗಲಿಗೆ ಮೂತಿ ಉಜ್ಜಿದಳಲ್ಲ, ಅದು ನನಗೂ ಪಿಚ್ಚೆನಿಸಿತು. ಆದರೆ ನೀನು ಅವಳ ಪಕ್ಕೆಯ ಮೇಲೆ ಕೈಯಾಡಿಸಿ, ಸ್ಟೆಥಾಸ್ಕೋಪು ಇಟ್ಟು, ಕಣ್ಣು ಮುಚ್ಚಿ ಕೇಳುತ್ತಾ ನಿಂತೆಯಲ್ಲ, ಅಷ್ಟು ಹೊತ್ತೂ ಅವಳು ಒಂದು ಗೊರಸನ್ನೂ ಎತ್ತಲಿಲ್ಲ. ಬೇರೆ ಯಾರಿಗೂ ಹಾಗೆ ನಿಲ್ಲುವವಳಲ್ಲ.

ಊಟವಾದ ಮೇಲೆ ನಾನು ಜಗಲಿಯಲ್ಲಿ ಒರಗಿದ್ದೆ. ನಿದ್ದೆ ಮಾಡುತ್ತಿದ್ದೇನೆ ಎಂದು ನೀವೆಲ್ಲ ತಿಳಿದಿರಿ. ಮಾಡುತ್ತಿರಲಿಲ್ಲ. ನನ್ನ ಮಗ ಬೇಲಿಯ ಒಂದು ಗೂಟವನ್ನು ಅನವಶ್ಯಕವಾಗಿ ಬಡಿಯುತ್ತಿದ್ದ. ಆ ಟೀಚರು ಹುಡುಗಿ ಬೇಲಿಯ ಹೊರಗೇ ನಿಂತಿದ್ದಳು. ನೀನು ಅವಳ ಹತ್ತಿರ ಹೋದೆ. ಏನೋ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಇನ್ನೇನೋ ಹೇಳಿದೆ. ಅವಳು ಬೇಲಿಯೊಳಗೆ ಕೈ ಚಾಚಿದಳು, ನೀನು ಅವಳ ಬೆರಳು ಬಿಡಿಸಿ ಅಂಗೈ ಚಪ್ಪಟೆ ಮಾಡಿದೆ. ಪುಂಡ ಬಂದು ಮೂಸಿದ, ಕಚ್ಚದೆ ಹೋದ. ಅಷ್ಟಕ್ಕೆ ನೀವಿಬ್ಬರೂ ಅಷ್ಟು ನಕ್ಕದ್ದು ಯಾಕೆಂದು ನನಗೆ ತಿಳಿಯಲಿಲ್ಲ. ಗೂಟ ಬಡಿಯುತ್ತಿದ್ದವನೂ ಬಡಿಯುವುದು ನಿಲ್ಲಿಸಿ ನಕ್ಕ. ಮಾತು ಒಂದೂ ನನ್ನ ಕಿವಿಗೆ ಬೀಳಲಿಲ್ಲ. ಕೇಳುವುದೂ ಇಲ್ಲ.

ನಿನ್ನೆ ಸವಾರಿ ಕಲಿಯುವ ಒಬ್ಬ ಹುಡುಗಿಯ ತಾಯಿ ಬಂದಿದ್ದರು. ಭಾನುವಾರ ಅವರೂ ಇಲ್ಲಿದ್ದರು.

"ಮೇಷ್ಟ್ರೇ, ಅವತ್ತು ಆ ಕೆಂಪು ಕುದುರೆ ಹೊಟ್ಟೆ ನೋಡ್ತಿದ್ರಲ್ಲ, ಯಾರು ಅವರು?"

"ನನ್ನ ಸೊಸೆ."

"ಅಲ್ಲ, ಮಗನ ಮದುವೆ ಇನ್ನೂ ಮುಂದಿನ ತಿಂಗಳು ಅಂದಿದ್ರಿ?"

"ಅದು ಇನ್ನೊಬ್ಬಳು" ಅಂದೆ.

ಒಳಗಿನಿಂದ ನಿಮ್ಮತ್ತೆ ಕೆಮ್ಮಿದಳು. ನಾನು ಲಗಾಮು ಒರೆಸುತ್ತಾ ಕೂತೆ.

ಇಂತಿ,
ನಿನ್ನ ಮಾವ